ತೆರೆ ನೋಡುವ ಮಗು ಪ್ರಶ್ನೆಯನ್ನೂ ಕೇಳಲಿ



ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ ಅನುತ್ತೀರ್ಣವಾದ ಮಗುವಿಗೆ, ಅದರಲ್ಲೂ ಹೆಣ್ಣುಮಗುವಿಗೆ, ಓದು ಅಲ್ಲಿಗೇ ನಿಲ್ಲುವ ಅಪಾಯವಿದೆ. ವಿದ್ಯಾರ್ಥಿವೇತನ ಶುಲ್ಕದ ಚಿಂತೆ ಕಳೆಯುತ್ತದೆ. ಲೆಕ್ಕದ ಭಯ ಕಳೆಯುವ ಹೊಣೆ ಗಣಿತ ಶಿಕ್ಷಕರಾದ ನಮ್ಮದು. ಅದಕ್ಕಾಗಿ ಮುಂದಿನ ವರ್ಷಕ್ಕೆ ಮೂರು ಗುರಿ ಇಟ್ಟುಕೊಂಡಿದ್ದೇವೆ.

ಮೊದಲನೆಯದು, ಕರಿಹಲಗೆ ತೋರಿಸಲಾರದ್ದನ್ನು ಮಾತ್ರ ಪ್ರೊಜೆಕ್ಟರಿನಲ್ಲಿ ತೋರಿಸುವುದು. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ರೂಪಿಸಿದ ಜಿಯೋಜಿಬ್ರಾ ತಂತ್ರಾಂಶ ಶಾಲೆಗಳಿಗೆ ಉಚಿತ. ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದರಲ್ಲಿ ಬಟ್ಟಲಿನಂತಿರುವ ಪರವಲಯವನ್ನು ಮೇಲಕ್ಕೆ ಸರಿಸುತ್ತ ಹೋದರೆ, ಅಡ್ಡ ಅಕ್ಷವನ್ನು ಎರಡು ಕಡೆ ಕತ್ತರಿಸುತ್ತಿದ್ದದ್ದು ಒಂದೇ ಕಡೆ ಮುಟ್ಟಿ, ಆಮೇಲೆ ಮುಟ್ಟದೇ ಹೋಗುತ್ತದೆ. ವರ್ಗ ಸಮೀಕರಣಕ್ಕೆ ಎರಡು ಭಿನ್ನ ಮೂಲ, ಸಮ ಮೂಲ, ವಾಸ್ತವ ಮೂಲವೇ ಇಲ್ಲ ಎಂಬ ಮೂರೂ ಸ್ಥಿತಿಗಳು ಕಣ್ಣಿಗೇ ಕಾಣುತ್ತವೆ.

ಎರಡನೆಯದು, ಸರಿಸುವ ಮೊದಲೇ ಏನಾಗಬಹುದೆಂದು ಪ್ರತಿ ಮಗುವಿನಿಂದಲೂ ನೋಟ್‌ಬುಕ್ಕಿನಲ್ಲಿ ಬರೆಸುವುದು. ಊಹೆ ತಪ್ಪಿದರೆ ಅಂಕ ಕಳೆಯುವುದಿಲ್ಲ. ಏಕೆ ತಪ್ಪಿತೆಂದು ಪಕ್ಕದವರೊಡನೆ ಮಾತಾಡಿ ಎನ್ನುತ್ತೇವೆ. ಹಿಂದಿನ ಬೆಂಚೂ ಬಾಯಿ ಬಿಡಬೇಕು.

ಮೂರನೆಯದು, ಮೊಬೈಲ್ ಬೇಕಾಗುವ ಹೋಂವರ್ಕ್ ಕೊಡದಿರುವುದು. ಎಷ್ಟೋ ಮನೆಗಳಲ್ಲಿ ಇರುವ ಒಂದೇ ಫೋನು ದುಡಿಯಲು ಹೋದ ತಂದೆಯ ಜೇಬಿನಲ್ಲಿರುತ್ತದೆ. ವಿಡಿಯೊ ತರಗತಿಯಲ್ಲೇ ನೋಡೋಣ. ಮನೆಯಲ್ಲಿ ಪೆನ್ಸಿಲ್ಲು, ಹಾಳೆ ಸಾಕು.

ಪೋಷಕರಲ್ಲಿ ಒಂದು ವಿನಂತಿ: ಅಂಕ ಎಷ್ಟು ಬಂತು ಎನ್ನುವ ಮೊದಲು, ಇವತ್ತು ತರಗತಿಯಲ್ಲಿ ಯಾವ ಪ್ರಶ್ನೆ ಕೇಳಿದೆ ಎಂದು ಮಗುವನ್ನು ವಿಚಾರಿಸಿ.