ಗೋಕಾಕದ ಮರದ ಹಣ್ಣು ಹೇಳುವ ಸತ್ಯ



ಉತ್ತರ ಕರ್ನಾಟಕದ ಹಳೆಯ ಮನೆಗಳ ಪಡಸಾಲೆಯಲ್ಲಿ ಗಾಜಿನ ಕಪಾಟೊಂದು ಇರುತ್ತಿತ್ತು. ಅದರಲ್ಲೊಂದು ಬುಟ್ಟಿ. ಬುಟ್ಟಿಯಲ್ಲಿ ಬಾಳೆ, ಮಾವು, ಸೀತಾಫಲ, ದಾಳಿಂಬೆ. ಪಕ್ಕದಲ್ಲಿ ಎರಡು ಬದನೆಕಾಯಿ. ಹೊಸದಾಗಿ ಬಂದ ಬೀಗರು ಮಾತಿನ ನಡುವೆ, 'ಇಷ್ಟು ಛಲೋ ಹಣ್ಣು ಎಲ್ಲಿ ಸಿಕ್ಕವ್ರೀ?' ಎಂದು ಕೇಳುವರು. ಮನೆಯವರು ನಗುತ್ತ ಒಂದನ್ನು ತೆಗೆದು ಅವರ ಕೈಗಿಡುವರು. ಅದು ಮರದ್ದೆಂದು ಗೊತ್ತಾಗುತ್ತಿದ್ದುದು ಆಗಲೇ. ಕಣ್ಣು ನಂಬಿದ್ದನ್ನು ಕೈ ಅಲ್ಲಗಳೆಯುತ್ತಿತ್ತು.

ಇಂಥ ಹಣ್ಣುಗಳ ಊರು ಗೋಕಾಕ. ಇಂದು ಗೋಕಾಕ ಎಂದೊಡನೆ ನೆನಪಾಗುವುದು ಘಟಪ್ರಭೆಯ 52 ಮೀಟರ್ ಎತ್ತರದ ಜಲಪಾತ, ಇಲ್ಲವೆ ಕರದಂಟು. ಆದರೆ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಬ್ರಿಟಿಷರ ಕಾಲದಲ್ಲಿಯೇ ಈ ಊರಿನ ಆಟಿಕೆಗಳು ಹೆಸರಾಗಿದ್ದವು. ಸುತ್ತಮುತ್ತ ಸಿಗುವ ಹಗುರ ಮರದಿಂದಲೂ ಒಂದು ಬಗೆಯ ಮಣ್ಣಿನಿಂದಲೂ ಇಲ್ಲಿ ಹಣ್ಣು ಮತ್ತು ಮನುಷ್ಯಾಕೃತಿಗಳನ್ನು ಮಾಡುತ್ತಾರೆಂದು ಆ ಕಾಲದ ಗ್ಯಾಝೆಟಿಯರುಗಳು ದಾಖಲಿಸಿವೆ.

ಈ ಕಲೆಯನ್ನು ಉಳಿಸಿಕೊಂಡು ಬಂದವರು ಜೀನಗಾರರು. ಜೀನು ಎಂದರೆ ಕುದುರೆಯ ಬೆನ್ನ ಮೇಲಿನ ತಡಿ. ತಡಿ ಮಾಡುವುದು ಮೂಲ ಕಸುಬಾದರೂ ಮರಗೆಲಸ, ಲೋಹದ ಕೆಲಸ, ಬಣ್ಣದ ಕೆಲಸಗಳಲ್ಲಿಯೂ ಅವರದು ಪಳಗಿದ ಕೈ. ಕುದುರೆ ದಂಡುಗಳ ಕಾಲ ಮುಗಿದ ಮೇಲೂ ಆ ಕೈ ಸುಮ್ಮನೆ ಕೂಡಲಿಲ್ಲ ಎಂಬುದಕ್ಕೆ ಗೋಕಾಕದ ಹಣ್ಣುಗಳೇ ಸಾಕ್ಷಿ.

ಕರ್ನಾಟಕದಲ್ಲಿ ಮರದ ಗೊಂಬೆಗಳಿಗೆ ಬರವಿಲ್ಲ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ, ಅರಗಿನ ಬಣ್ಣ ಹಿಡಿಸುತ್ತಾರೆ. ಅಲ್ಲಿನ ಗೊಂಬೆ ದುಂಡಗೆ, ನುಣ್ಣಗೆ ಹೊಳೆಯುತ್ತದೆ. ತಾನು ಗೊಂಬೆ ಎಂಬುದನ್ನು ಅದು ಮುಚ್ಚಿಡುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರವನ್ನು ಕೆತ್ತಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನಿಂದ ಸಂದುಗಳನ್ನು ತುಂಬಿ, ದೇವತಾಮೂರ್ತಿಗಳಿಗೆ ಮೆರುಗು ಕೊಡುತ್ತಾರೆ. ಗೋಕಾಕದಲ್ಲಿಯೂ ದೇವರು, ಪ್ರಾಣಿ, ಪಕ್ಷಿಗಳುಂಟು. ಆದರೆ ಅದರ ವಿಶೇಷವಿರುವುದು ತರಕಾರಿ ಮತ್ತು ಹಣ್ಣಿನಲ್ಲಿ; ಎಂದರೆ, ಇದ್ದುದನ್ನು ಇದ್ದ ಹಾಗೆಯೇ ತೋರಿಸುವುದರಲ್ಲಿ.

ಇದು ಕೇಳಿದಷ್ಟು ಸುಲಭವಲ್ಲ. ದೇವರ ಮುಖ ಹೇಗಿರಬೇಕೆಂಬುದಕ್ಕೆ ಶಾಸ್ತ್ರವಿದೆ, ಅಳತೆಯಿದೆ. ಬದನೆಕಾಯಿಗೆ ಶಾಸ್ತ್ರವಿಲ್ಲ. ಒಂದರಂತೆ ಇನ್ನೊಂದಿಲ್ಲ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತುಸು ಬಾಗಿರುತ್ತದೆ. ತೊಟ್ಟಿನ ಹಸಿರು ಕಾಯಿಯ ನೇರಳೆಗೆ ಸೇರುವಲ್ಲಿ ಒಂದು ತಿಳಿಬಣ್ಣದ ಅಂಚಿರುತ್ತದೆ. ಬಾಳೆಹಣ್ಣನ್ನು ಹಳದಿಯಿಂದ ತುಂಬಿಬಿಟ್ಟರೆ ಅದು ಮಕ್ಕಳ ಪುಸ್ತಕದ ಚಿತ್ರವಾದೀತೇ ಹೊರತು ಹಣ್ಣಾಗುವುದಿಲ್ಲ. ತುದಿಯಲ್ಲಿ ಕಪ್ಪು, ಏಣುಗಳ ಮೇಲೆ ಕಂದು ಗೆರೆ, ತೊಟ್ಟಿನ ಬಳಿ ಉಳಿದ ಹಸಿರು ಇವೆಲ್ಲ ಬಂದಾಗಲೇ ಬಾಳೆ ಬಾಳೆಯಾಗುತ್ತದೆ. ಸುಂದರವಾಗಿ ಮಾಡುವುದಕ್ಕಿಂತ ಕುಂದುಗಳನ್ನು ಸರಿಯಾದ ಜಾಗದಲ್ಲಿ ಇಡುವುದು ಕಷ್ಟ. ನೋಡುಗನ ಕಣ್ಣು ನಂಬುವುದು ಹಣ್ಣಿನ ಅಂದವನ್ನಲ್ಲ, ಅದರ ಮೇಲಿನ ಕಲೆಯನ್ನು.

ಈ ಮಾತು ಹಣ್ಣಿಗಷ್ಟೇ ಅಲ್ಲ, ಎಲ್ಲ ಬಗೆಯ ಮಾದರಿಗಳಿಗೂ ಸಲ್ಲುತ್ತದೆ. ಗೋಕಾಕದಿಂದ ಬಹು ದೂರದ ಒಂದು ಉದಾಹರಣೆ ನೋಡಿ. ಪಾಶ್ಚಾತ್ಯ ದೇಶಗಳಲ್ಲಿ ಪುಟ್ಟ ರೈಲು, ನಿಲ್ದಾಣ, ತೈಲ ಸಂಗ್ರಹದ ಟ್ಯಾಂಕುಗಳನ್ನು ಅಳತೆಗೆ ತಕ್ಕಂತೆ ಮಾಡುವ ಹವ್ಯಾಸ ಬಲು ದೊಡ್ಡದು. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 87ಕ್ಕೆ 1. 24 ಮೀಟರ್ ವ್ಯಾಸ, 12 ಮೀಟರ್ ಎತ್ತರದ ಟ್ಯಾಂಕು ಈ ಲೆಕ್ಕದಲ್ಲಿ ಸುಮಾರು 27.6 ಸೆಂಟಿಮೀಟರ್ ಅಗಲ, 13.8 ಸೆಂಟಿಮೀಟರ್ ಎತ್ತರವಾಗುತ್ತದೆ. ನಿಜವಾದ ಟ್ಯಾಂಕು 54 ಲಕ್ಷ ಲೀಟರಿಗೂ ಹೆಚ್ಚು ತೈಲ ಹಿಡಿದರೆ ಮಾದರಿಗೆ 8 ಲೀಟರ್ ನೀರು ಸಾಕು. ನಿಜದ ಟ್ಯಾಂಕಿನ 8 ಮಿಲಿಮೀಟರ್ ಉಕ್ಕಿನ ತಗಡು ಇಲ್ಲಿ ಬರೆಯುವ ಕಾಗದಕ್ಕಿಂತಲೂ ತುಸು ತೆಳ್ಳಗಾಗಬೇಕು!

ಅಳತೆಯೆಲ್ಲ ಸರಿಯಾದ ಮೇಲೂ ಆ ಟ್ಯಾಂಕು ಡಬ್ಬಿಯಂತೆಯೇ ಕಾಣಬಹುದು. ಬಿಸಿಲಿನ ಕಾವನ್ನು ಹಿಂದಕ್ಕೆ ತಳ್ಳಿ, ತೈಲ ಆವಿಯಾಗುವುದನ್ನು ತಗ್ಗಿಸಲೆಂದು ತೈಲದ ಟ್ಯಾಂಕುಗಳಿಗೆ ಸಾಮಾನ್ಯವಾಗಿ ಬಿಳಿ ಇಲ್ಲವೆ ಬೆಳ್ಳಿ ಬಣ್ಣ ಬಳಿಯುತ್ತಾರೆ. ಮಾದರಿಗೂ ಅಚ್ಚ ಬಿಳಿ ಬಳಿದು ಬಿಟ್ಟರೆ ಅದು ಆಟಿಕೆ. ತಗಡುಗಳನ್ನು ಬೆಸೆದ ಗೆರೆ, ಸುತ್ತಿ ಏರುವ ಮೆಟ್ಟಿಲ ಕೆಳಗೆ ಮಳೆನೀರಿನೊಂದಿಗೆ ಇಳಿದ ತುಕ್ಕಿನ ಎಳೆ, ಕೊಳವೆಯ ಬಾಯಲ್ಲಿ ಕರಿ ಜಿಡ್ಡು ಕಾಣಿಸಿದಾಗಲೇ ಅದು ಬಿಸಿಲು ಮಳೆಗೆ ನಿಂತ ಟ್ಯಾಂಕಾಗುತ್ತದೆ. ತುಕ್ಕು ಎಲ್ಲೆಂದರಲ್ಲಿ ಬರುವುದಿಲ್ಲ. ನೀರು ನಿಲ್ಲುವಲ್ಲಿ, ಹರಿಯುವಲ್ಲಿ ಬರುತ್ತದೆ. ಬಾಳೆಯ ಕಪ್ಪು ಕೂಡ ಹಾಗೆಯೇ: ಉಜ್ಜಿದಲ್ಲಿ, ಒತ್ತಿದಲ್ಲಿ ಬರುತ್ತದೆ. ಹವ್ಯಾಸಿಯೂ ಜೀನಗಾರನೂ ಪರಸ್ಪರ ಹೆಸರನ್ನೂ ಕೇಳಿದವರಲ್ಲ. ಆದರೆ ಇಬ್ಬರೂ ಕಲಿತ ಪಾಠ ಒಂದೇ. ಒಂದು ವಸ್ತು ಹೇಗೆ ಬೆಳೆಯಿತು, ಹೇಗೆ ಸವೆಯಿತು ಎಂಬುದನ್ನು ಅರಿಯದೆ ಅದರ ನಕಲು ಮಾಡಲಾಗದು.

ಹೀಗೆ ನಿಷ್ಠೆಯಿಂದ ಮಾಡಿದ ನಕಲು ಕೆಲವೊಮ್ಮೆ ಅಸಲನ್ನೂ ಮೀರಿ ಬಾಳುತ್ತದೆ. ಇಟಲಿಯ ಫ್ರಾನ್ಸೆಸ್ಕೊ ಗಾರ್ನಿಯೆ ವಲ್ಲೆಟ್ಟಿ (1808–1889) ಎಂಬಾತ ಸೇಬು, ಪೇರು, ದ್ರಾಕ್ಷಿ ಮೊದಲಾದ ಹಣ್ಣುಗಳ ಕೃತಕ ಪ್ರತಿಗಳನ್ನು ಮಾಡಿದ. ತೋಟಗಾರಿಕೆಯವರಿಗೆ ತಳಿಗಳನ್ನು ಗುರುತಿಸಲು ಅವು ಬೇಕಾಗಿದ್ದವು. ಆತನ ಸಾವಿರಕ್ಕೂ ಹೆಚ್ಚು ಹಣ್ಣುಗಳು ಇಂದು ಟ್ಯೂರಿನ್ ನಗರದ ಹಣ್ಣಿನ ಮ್ಯೂಸಿಯಂನಲ್ಲಿವೆ. ಜರ್ಮನಿಯ ಲಿಯೊಪೋಲ್ಡ್ ಬ್ಲಾಷ್ಕ ಮತ್ತು ಆತನ ಮಗ ರುಡಾಲ್ಫ್ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕಾಗಿ ಗಾಜಿನಲ್ಲಿ 4,000ಕ್ಕೂ ಹೆಚ್ಚು ಸಸ್ಯ ಮಾದರಿಗಳನ್ನು ಮಾಡಿಕೊಟ್ಟರು. 1880ರ ದಶಕದಲ್ಲಿ ಆರಂಭವಾದ ಆ ಕೆಲಸ ಮುಗಿದದ್ದು 1936ರಲ್ಲಿ. ತಂದೆ ತೀರಿಕೊಂಡ ಮೇಲೆ ಮಗ ಕೊಳೆಯುತ್ತಿರುವ, ರೋಗ ತಗುಲಿದ ಹಣ್ಣುಗಳನ್ನೂ ಗಾಜಿನಲ್ಲಿ ಮಾಡಿದನೆಂಬುದು ಗಮನಾರ್ಹ. ವಿದ್ಯಾರ್ಥಿ ಅರಿಯಬೇಕಾದುದು ಅದನ್ನೂ ತಾನೆ?

ಅಲ್ಲಿ ಪ್ರತಿಯೊಂದು ಹಣ್ಣಿಗೂ ಹೆಸರಿನ ಚೀಟಿಯಿದೆ. ಗೋಕಾಕದ ಹಣ್ಣಿಗೆ ಚೀಟಿಯಿಲ್ಲ. ವ್ಯತ್ಯಾಸ ಇರುವುದು ಕಲೆಯಲ್ಲಲ್ಲ, ಈ ಚೀಟಿಯಲ್ಲಿ.

ಹೆಸರಿಲ್ಲದಿದ್ದರೆ ನಷ್ಟವೇನು ಎಂದು ಕೇಳಬಹುದು. ಕುಶಲಕರ್ಮಿ ನೋಡಿ ಮಾಡುವುದು ತನ್ನೂರ ಸಂತೆಗೆ ಬಂದ ಕಾಯಿಪಲ್ಲೆಯನ್ನು. ಘಟಪ್ರಭೆಯ ಈ ಬಯಲಿನಲ್ಲಿ, ಅಂದರೆ ಗೋಕಾಕ, ಹಿಂದೆ ಅದೇ ತಾಲ್ಲೂಕಿನಲ್ಲಿದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿ, ಹಿಡಕಲ್ ಜಲಾಶಯದ ಹುಕ್ಕೇರಿ ಈ ಮೂರರಲ್ಲಿಯೂ ಜನ ಇಂದಿಗೂ 'ಜವಾರಿ' ಎಂಬ ಮಾತನ್ನು ಬಹು ಅಕ್ಕರೆಯಿಂದ ಆಡುತ್ತಾರೆ. ಜವಾರಿ ಸವತಿ, ಜವಾರಿ ಬಾಳೆ, ಎಣ್ಣೆಗಾಯಿಗೆ ಬೇಕಾದ ಮುಳಗಾಯಿ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹೆಸರನ್ನೇ ಹೊತ್ತ ಮೆಣಸಿನಕಾಯಿ. ಹೈಬ್ರಿಡ್ ಬೀಜ ಬಂದ ಮೇಲೆ ಸಂತೆಯ ಬುಟ್ಟಿಯ ರೂಪ ಬದಲಾಗಿದೆ. ಇಳುವರಿ ಹೆಚ್ಚಿತು, ರೈತನಿಗೆ ಅದು ಬೇಕಿತ್ತು, ಅದನ್ನು ತಪ್ಪೆನ್ನಲಾಗದು. ಆದರೆ ಅರವತ್ತು, ಎಪ್ಪತ್ತು ವರ್ಷಗಳ ಹಿಂದೆ ಬದನೆಯ ಆಕಾರ ಹೇಗಿತ್ತು, ಸೀತಾಫಲದ ಕಣ್ಣು ಎಷ್ಟು ಅಗಲವಿತ್ತು ಎಂದು ಇಂದು ಯಾರನ್ನು ಕೇಳಬೇಕು? ಕಪ್ಪು ಬಿಳುಪಿನ ಫೋಟೋ ಬಣ್ಣ ಹೇಳುವುದಿಲ್ಲ. ಹಣ್ಣಂತೂ ಉಳಿಯುವುದಿಲ್ಲ. ಕಪಾಟಿನ ಮೂಲೆಯಲ್ಲಿ ಧೂಳು ತಿನ್ನುತ್ತ ಕುಳಿತ ಮರದ ಕಾಯಿ ಮಾತ್ರ ಗಾತ್ರ, ಬಣ್ಣ, ಬಾಗು ಮೂರನ್ನೂ ಹೇಳಬಲ್ಲದು.

ಇನ್ನು ಪ್ಲಾಸ್ಟಿಕ್ ಹಣ್ಣಿನ ಮಾತು. ಅದು ಅಗ್ಗ, ತೊಳೆಯಬಹುದು, ಒಡೆಯದು. ಆದರೆ ಅಚ್ಚಿನಿಂದ ಬಂದ ಸಾವಿರ ಸೇಬುಗಳಲ್ಲಿಯೂ ಒಂದೇ ಸೇಬಿರುತ್ತದೆ; ಅದೂ ಯಾವ ಊರಿನದೋ. ಮರದ ಹಣ್ಣನ್ನು ಒಂದೊಂದಾಗಿ ಕೆತ್ತಿ, ನಯಮಾಡಿ, ಬಣ್ಣ ಒಣಗಲು ಕಾದು ಮಾಡಬೇಕು. ಅಷ್ಟು ಹೊತ್ತಿನ ಕೂಲಿಯನ್ನು ಸೇರಿಸಿ ಬೆಲೆ ಹೇಳಿದರೆ ಕೊಳ್ಳುವವರು ಹಿಂದೆಗೆಯುತ್ತಾರೆ. ಈಗ ಈ ಕಸುಬು ಹಿಡಿದಿರುವ ಮನೆಗಳು ಬೆರಳೆಣಿಕೆಯಷ್ಟು. ಮಕ್ಕಳು ಬೇರೆ ಉದ್ಯೋಗ ನೋಡಿಕೊಂಡರೆ ಅವರನ್ನು ದೂರುವ ಹಕ್ಕು, ಒಂದು ಹಣ್ಣನ್ನೂ ಕೊಳ್ಳದವರಿಗೆ ಇಲ್ಲ.

ಹಾಗಾದರೆ ಮಾಡಬಹುದಾದದ್ದೇನು? ದೊಡ್ಡ ಯೋಜನೆಗಳ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನ ನಡೆಯುವಾಗ ಮಕ್ಕಳು ರಟ್ಟಿನಲ್ಲಿ ಅಣೆಕಟ್ಟು, ನೀರಿನ ಟ್ಯಾಂಕು ಮಾಡಿ ತರುತ್ತಾರೆ. ಅದೇ ಮೇಜಿನ ಮೇಲೆ ತಮ್ಮ ಮನೆಯ ಹಳೆಯ ಗೋಕಾಕದ ಹಣ್ಣೊಂದನ್ನೂ ಇಡಲಿ. ಪಕ್ಕದಲ್ಲಿ ಒಂದು ಚೀಟಿ: ಇದು ಯಾವ ಕಾಯಿ, ಯಾವ ತಳಿ ಎಂದು ಅಜ್ಜಿ ಹೇಳುತ್ತಾಳೆ, ಸುಮಾರು ಯಾವ ವರ್ಷ ಕೊಂಡದ್ದು, ಮಾಡಿದವರು ಯಾರು. ಆ ಸಾಲುಗಳನ್ನು ಬರೆಯಲು ಮಗು ಅಜ್ಜಿಯ ಬಳಿ ಕೂಡಬೇಕಾಗುತ್ತದೆ, ಸಂತೆಗೆ ಹೋಗಿ ಇಂದಿನ ಕಾಯಿಯನ್ನು ತಂದು ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಜೀನಗಾರರ ಮನೆಯ ಬಾಗಿಲಿಗೂ ಯಾರಾದರೂ ಹೋಗಿ 'ಇದನ್ನ ಹ್ಯಾಂಗ್ ಮಾಡತೀರಿ?' ಎಂದು ಕೇಳಬೇಕಾಗುತ್ತದೆ.

ಬೀಗರನ್ನು ನಗಿಸಲೆಂದು ಬುಟ್ಟಿಯಲ್ಲಿ ಇಟ್ಟ ಹಣ್ಣದು. ಹೆಸರೊಂದನ್ನು ಕೊಟ್ಟರೆ ಅದೇ ಹಣ್ಣು ಊರಿನ ಹೊಲದ ಲೆಕ್ಕವನ್ನೂ ಹೇಳೀತು. ಹೇಳಬಲ್ಲ ಹಿರಿಯರು ಇರುವಾಗಲೇ ಆ ಚೀಟಿ ಬರೆಯಬೇಕು.