ಯಾಣದ ಕಲ್ಲು, ನಮ್ಮ ಶೇಂಗಾ ಹೊಲ



ನಾನು ಖಾನಾಪುರ ತಾಲೂಕಿನವನು. ನಂದಗಡದ ಕಡೆ ನಮ್ಮ ಊರು. ಭಾಷಣ ಮಾಡಿ ರೂಢಿಯಿಲ್ಲ. ಆದರೆ ಒಂದು ಊರು ನೋಡಿ ಬಂದೆ. ಅಲ್ಲಿ ಕಂಡದ್ದರಿಂದ ನನ್ನ ಹೊಲದ ರೋಗ ಯಾವುದೆಂದು ತಿಳಿಯಿತು. ಅದನ್ನು ನಿಮ್ಮ ಕಿವಿಗೂ ಹಾಕೋಣವೆಂದು ಬಂದಿದ್ದೇನೆ.

ಮೊದಲು ಹೊಲದ ಮಾತು. ತಗ್ಗಿನಲ್ಲಿ ನಮ್ಮ ಭತ್ತದ ಗದ್ದೆ ಇದೆ, ಅದರ ಮೇಲೆ ಎರಡು ಎಕರೆ ಕೆಂಪು ಮರಡಿ. ಆ ಮರಡಿಯ ಕಲ್ಲನ್ನು ನಮ್ಮ ತಂದೆಯವರು ಕೈಯಿಂದ ಆರಿಸಿ ಒಡ್ಡು ಹಾಕಿದವರು. ಅಲ್ಲಿ ಮೂರು ವರ್ಷ ಶೇಂಗಾ ಬಿತ್ತಿದೆ. ಬಳ್ಳಿ ನೋಡಿದರೆ ಕಣ್ಣು ತಂಪಾಗುವಂತೆ ಹಸಿರು. ಕಿತ್ತು ನೋಡಿದರೆ ಕಾಯಿ ಇದೆ, ಒಳಗೆ ಕಾಳಿಲ್ಲ. ಎಲ್ಲಾ ಪೊಳ್ಳು! ಗೊಬ್ಬರ ಸಾಲಲಿಲ್ಲವೆಂದು ಮರುವರ್ಷ ಇನ್ನಷ್ಟು ಯೂರಿಯಾ ಹಾಕಿದೆ. ಬಳ್ಳಿ ಇನ್ನಷ್ಟು ಬೆಳೆಯಿತು, ಕಾಯಿ ಇನ್ನಷ್ಟು ಪೊಳ್ಳಾಯಿತು. ಪಕ್ಕದ ಹೊಲದ ಕಾಕಾ, "ದೃಷ್ಟಿ ಬಿದ್ದೈತಿ, ಹಳೇ ಕೆರ ಕಟ್ಟು" ಅಂದರು. ಅದನ್ನೂ ಕಟ್ಟಿದೆ, ಸುಳ್ಳೇಕೆ ಹೇಳಲಿ.

ನನ್ನ ತಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯಲ್ಲಿ ದುಡಿಯುತ್ತಾನೆ. ದೀಪಾವಳಿಗೆ ಬಂದಾಗ ಅಂದ: "ಅಣ್ಣಾ, ಈ ಮರಡಿ ಹೊಲದ ಆಸೆ ಬಿಡು. ಯಾರರೆ ಪ್ಲಾಟಿಗೆ ಕೇಳಿದ್ರ ಕೊಟ್ಟು ಬಿಡೂಣು." ನಮ್ಮ ಅವ್ವ ಅದನ್ನು ಕೇಳಿ ಆ ದಿವಸ ಉಣ್ಣಲಿಲ್ಲ. ಎರಡು ದಿನ ಬಿಟ್ಟು, "ಹೊಲ ಮಾರೂದಾದ್ರ ಮಾರ್‍ರಿ, ಅದಕ್ಕೂ ಮೊದಲ ನನ್ನ ಯಾಣಕ್ಕ ಕರಕೊಂಡು ಹೋಗ್ರಿ, ಹರಕಿ ಉಳದೈತಿ" ಅಂದಳು.

ಸರಿ, ಟ್ರ್ಯಾಕ್ಸ್ ಗಾಡಿ ಗೊತ್ತು ಮಾಡಿ ಹೊರಟೆವು. ಅವ್ವ, ನನ್ನ ಹೆಂಡತಿ, ತಮ್ಮ, ಜೊತೆಗೆ ನಮ್ಮೂರಿನವರೇ ಆದ ಒಬ್ಬ ನಿವೃತ್ತ ಕೃಷಿ ಅಧಿಕಾರಿಗಳು. ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಗೆ ಕೈ ಮುಗಿದು (೧೮೩೧ರಲ್ಲಿ ಅವನನ್ನು ಗಲ್ಲಿಗೇರಿಸಿದ ಊರು ಅದೇ), ಹಳಿಯಾಳ, ಯಲ್ಲಾಪುರ ದಾಟಿ ಸಂಜೆಗೆ ಶಿರಸಿ ಸೇರಿದೆವು. ಅಲ್ಲಿಂದ ಯಾಣ ಸುಮಾರು ೪೦ ಕಿಲೋಮೀಟರ್. ಕುಮಟಾ ತಾಲೂಕಿಗೆ ಸೇರಿದ ಊರು. ಮಳೆಗಾಲದಲ್ಲಿ ಹೋಗಬೇಡಿರಿ. ಇಂಬಳ ಕಾಲಿಗೆ ಹತ್ತುತ್ತವೆ, ಹಾದಿ ಜಾರುತ್ತದೆ. ಶಿವರಾತ್ರಿಗೆ ದೊಡ್ಡ ಜಾತ್ರೆ. ನಾವು ಹೋದದ್ದು ದೀಪಾವಳಿಯ ಮೇಲೆ, ಗದ್ದಲವಿರಲಿಲ್ಲ.

"ಸೊಕ್ಕಿದ್ದವಗೆ ಯಾಣ, ರೊಕ್ಕಿದ್ದವಗೆ ಗೋಕರ್ಣ" ಎಂಬ ಗಾದೆ ಆ ಸೀಮೆಯದು. ಹಿಂದೆ ದಾರಿಯಿಲ್ಲದ ಕಾಲದಲ್ಲಿ ಮೈಯಲ್ಲಿ ಕಸುವಿದ್ದವನೇ ಅಲ್ಲಿಗೆ ಹೋಗುತ್ತಿದ್ದ. ಈಗ ಗಾಡಿ ಹತ್ತಿರದವರೆಗೂ ಹೋಗುತ್ತದೆ. ಕಡೆಗೆ ಕಾಡಿನೊಳಗೆ ಸ್ವಲ್ಪ ನಡಿಗೆ, ಮೆಟ್ಟಿಲು. ಅವ್ವ ಕೋಲು ಹಿಡಿದು ನಿಧಾನಕ್ಕೆ ನಡೆದಳು. ಮರದ ಸಂದಿಯಿಂದ ಒಮ್ಮೆಲೆ ಕರಿ ಬಂಡೆ ಎದ್ದು ನಿಂತಿತು ನೋಡಿರಿ, ನಮ್ಮ ತಮ್ಮನ ಬಾಯಿ ಕೂಡ ಕಟ್ಟಿತು! ಭೈರವೇಶ್ವರ ಶಿಖರ ೧೨೦ ಮೀಟರ್ ಎತ್ತರ. ಆರೇಳು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಬದಿಯ ಮೋಹಿನಿ ಶಿಖರ ೯೦ ಮೀಟರ್. ಸುತ್ತ ಕಾಡಿನಲ್ಲಿ ಸಣ್ಣ ಸಣ್ಣ ಬಂಡೆಗಳು ಬೇರೆ. ಕಲ್ಲಿನ ಅಂಚು ಕೊಡ್ಲಿಯ ಬಾಯಿಯಂತೆ ಹರಿತ, ಮೈತುಂಬ ಗೀರು, ತೂತು, ಸೀಳು. ಬಂಡೆಗೆ ಜೇನು ಕಟ್ಟಿರುತ್ತವೆ. ಕೂಗಾಡಿ ಅವನ್ನು ಎಬ್ಬಿಸಬಾರದು. ಕೆಳಗೆ ಗವಿಯಲ್ಲಿ ಸ್ವಯಂಭೂ ಲಿಂಗ, ಅದರ ಮೇಲೆ ಕಲ್ಲಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ.

ಅವ್ವ ಭಸ್ಮಾಸುರನ ಕಥೆ ಹೇಳಿದಳು. ಮೋಹಿನಿ ಕುಣಿಸಿದ್ದು, ಅವನು ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಸುಟ್ಟದ್ದು, ಅಲ್ಲಿಯ ಕರಿ ಮಣ್ಣು ಅವನ ಬೂದಿ ಎಂಬುದು. ಎಲ್ಲರೂ ಕೈ ಮುಗಿದೆವು. ಆಮೇಲೆ ಅಧಿಕಾರಿಗಳು ನನ್ನನ್ನು ಬದಿಗೆ ಕರೆದು, "ಈ ಕಲ್ಲು ಯಾವುದು ಗೊತ್ತೇನು?" ಎಂದು ಕೇಳಿದರು. ಕರಿಕಲ್ಲು ಅಂದೆ. "ಅಲ್ಲ, ಸುಣ್ಣದ ಕಲ್ಲು" ಅಂದರು. ಸುಣ್ಣವೆಂದರೆ ಬಿಳಿ ಎಂದು ತಿಳಿದವನು ನಾನು. ನಂಬಿಕೆಯೇ ಬರಲಿಲ್ಲ.

ಅವರು ಹೇಳಿದ್ದು ಇಷ್ಟು. ಮಳೆಯ ನೀರು ಗಾಳಿಯಿಂದಲೂ ಕೊಳೆತ ಎಲೆಯಿಂದಲೂ ಇಂಗಾಲಾಮ್ಲವನ್ನು ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸೋಡಾ ಬಾಟಲಿಯ ನೀರಿನ ಹಾಗೆ, ಆದರೆ ಬಹಳ ತೆಳುವು. ಆ ಹುಳಿನೀರು ಸುಣ್ಣದ ಕಲ್ಲನ್ನು ಕರಗಿಸಿ ತನ್ನ ಜೊತೆ ಒಯ್ಯುತ್ತದೆ. ಲಕ್ಷಾಂತರ ವರ್ಷ ಹೀಗೆ ಕರಗಿ, ಗಟ್ಟಿ ಉಳಿದದ್ದು ಶಿಖರ, ಹೋದದ್ದು ಗವಿ. ಚೀನಾ ದೇಶದ ಗ್ವೀಲಿನ್, ವಿಯೆಟ್ನಾಮಿನ ಹಾಲಾಂಗ್ ಎಂಬಲ್ಲಿಯೂ ಇಂಥ ಸುಣ್ಣದ ಬೆಟ್ಟಗಳು ಸಾಲಾಗಿ ನಿಂತಿವೆಯಂತೆ. ನೀವೂ ನೋಡಬಹುದು: ಸುಣ್ಣದ ಹರಳಿನ ಮೇಲೆ ನಿಂಬೆರಸ ಹಿಂಡಿರಿ, ನೊರೆ ಏಳುತ್ತದೆ.

"ಇಷ್ಟು ದೊಡ್ಡ ಬಂಡೆಯ ಸುಣ್ಣವನ್ನೇ ಮಳೆ ಒಯ್ದೈತಿ. ಇನ್ನ ನಿನ್ನ ಮರಡಿಯ ಹಿಡಿಮಣ್ಣಿನೊಳಗಿನ ಸುಣ್ಣ ಬಿಟ್ಟೀತೇನು?" ಅಂದರು. ನನಗೆ ಅಲ್ಲಿಯೇ ಎದೆ ಝಲ್ ಅಂದಿತು. ಶೇಂಗಾದ ಕಾಯಿ ಮಣ್ಣಿನೊಳಗೆ ತಾನೇ ನೇರವಾಗಿ ಸುಣ್ಣದ ಸತ್ವವನ್ನು ಹೀರಬೇಕು. ಸಿಗದಿದ್ದರೆ ಬಳ್ಳಿ ಎಷ್ಟೇ ಬೆಳೆಯಲಿ, ಕಾಯಿ ಪೊಳ್ಳು. ಮೇಲಾಗಿ ಸುಣ್ಣ ಹೋದ ಮಣ್ಣು ಹುಳಿಯಾಗುತ್ತದೆ. ಹುಳಿ ಮಣ್ಣು ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಕೊಡುವುದಿಲ್ಲ; ದ್ವಿದಳ ಬೆಳೆಗಳ ಬೇರಿನ ಗಂಟೂ ಬೆಳೆಯುವುದಿಲ್ಲ. ನಾನು ವರ್ಷ ವರ್ಷ ಸುರಿದ ಯೂರಿಯಾ ಆ ಹುಳಿಯನ್ನು ಹೆಚ್ಚಿಸಿತ್ತು. ತಗ್ಗಿನ ಗದ್ದೆಯಲ್ಲಿ ಇದು ನನಗೆ ಕಾಣಲಿಲ್ಲ. ಯಾಕೆಂದರೆ ನೀರು ನಿಂತ ಗದ್ದೆಯಲ್ಲಿ ಹುಳಿ ತಾನಾಗಿ ಇಳಿಯುತ್ತದೆ.

ಆಗ ನಮ್ಮ ತಮ್ಮ ಬಾಯಿ ತೆಗೆದ. "ನಮ್ಮ ಭಟ್ಟಿಯೊಳಗೂ ಕಬ್ಬಿಣದ ಜೋಡಿ ಸುಣ್ಣದ ಕಲ್ಲು ಹಾಕ್ತೇವ್ರಿ ಸಾಹೇಬ್ರ, ಹೊಲಸೆಲ್ಲಾ ಅದು ಎಳಕೊಳ್ತೈತಿ." ದಿನವೂ ಕೈಯಲ್ಲಿ ಹಿಡಿಯುವ ಕಲ್ಲು ಹೊಲಕ್ಕೂ ಬೇಕೆಂದು ಅವನಿಗೆ ಗೊತ್ತಿರಲಿಲ್ಲ, ನನಗೂ ಇರಲಿಲ್ಲ.

ಹಿಂದಿರುಗುವಾಗ ದಾರಿಬದಿಯ ಅಡಿಕೆ ತೋಟದ ಹಿರಿಯರೊಬ್ಬರು "ಆಸ್ರಿಗೆ ಕುಡಿದು ಹೋಗಿ" ಎಂದು ಕರೆದು ಮಜ್ಜಿಗೆ ಕೊಟ್ಟರು. ಅವರ ಅಂಗಳದಲ್ಲಿಯೂ ಸುಣ್ಣ! ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲಿಕ್ಕೆ ತಂದು ಉಳಿದದ್ದು. ಮೈಲುತುತ್ತ ಒಂದು ಕೆ.ಜಿ., ಸುಣ್ಣ ಒಂದು ಕೆ.ಜಿ., ನೀರು ೧೦೦ ಲೀಟರ್. ತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಬೇಕು, ಕಬ್ಬಿಣದ ಪಾತ್ರೆ ಕೂಡದು. ಉಜ್ಜಿದ ಚಾಕು ಅದ್ದಿದಾಗ ಕೆಂಪು ಹತ್ತಿದರೆ ಸುಣ್ಣ ಸಾಲದು. ಜಾಂಬೋಟಿ ಕಡೆಯ ತೋಟದವರು ಇದನ್ನು ನೆನಪಿಡಿರಿ. ಆ ಯಜಮಾನರು ಸೊಪ್ಪಿನ ಬೆಟ್ಟದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡುವ ರೀತಿಯೂ ಚೆನ್ನಾಗಿದೆ. ಅದನ್ನು ಹೇಳಹೋದರೆ ಹೊತ್ತು ಸಾಲದು.

ಮನೆಗೆ ಬಂದ ಮೇಲೆ ಮಣ್ಣು ತೆಗೆದೆವು. ಹೊಲದಲ್ಲಿ ಹಾವು ಹರಿದಂತೆ ನಡೆಯುತ್ತ ಎಂಟು-ಹತ್ತು ಕಡೆ, ಒಂದು ಗೇಣು ಆಳಕ್ಕಿಂತ ತುಸು ಕಡಿಮೆ, ಎಂದರೆ ಆರು ಅಂಗುಲ, ಇಂಗ್ಲಿಷಿನ ವಿ ಅಕ್ಷರದ ಹಾಗೆ ಗುಳಿ ತೋಡಿ ಬದಿಯ ಮಣ್ಣು ಕೆರೆಯಬೇಕು. ಒಡ್ಡಿನ ಬುಡ, ಮರದ ನೆರಳು, ತಿಪ್ಪೆಯ ಜಾಗ ಬೇಡ. ನೆರಳಲ್ಲಿ ಆರಿಸಿ, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತ ಅರ್ಧ ಕೆ.ಜಿ. ಉಳಿಸಿ ಬಟ್ಟೆ ಚೀಲಕ್ಕೆ ತುಂಬಿದೆವು. ರೈತ ಸಂಪರ್ಕ ಕೇಂದ್ರದಲ್ಲಿ ಕೊಟ್ಟೆ. ಕಾರ್ಡು ಬಂತು, ರಸಸಾರ ೫.೨. ಏಳು ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಐದೂವರೆಗಿಂತ ಕೆಳಗೆ ಬಂದರೆ ಬೆಳೆಗೆ ಕಷ್ಟ.

ಎರಡೂ ಎಕರೆಗೆ ಸುಣ್ಣ ಹಾಕಲು ಹೊರಟವನನ್ನು ನನ್ನ ಹೆಂಡತಿ ತಡೆದಳು. "ಅರ್ಧಕ್ಕ ಹಾಕ್ರಿ, ಅರ್ಧ ಹಂಗ ಬಿಡ್ರಿ. ಇಲ್ಲಾಂದ್ರ ಸುಣ್ಣದಿಂದ ಆತೋ ಮಳಿಯಿಂದ ಆತೋ ಹೆಂಗ ತಿಳೀತೈತಿ?" ಅಧಿಕಾರಿಗಳು ನಕ್ಕು, "ಇವರೇ ಕೃಷಿ ಅಧಿಕಾರಿ ಆಗಬೇಕಿತ್ತು" ಅಂದರು. ಬಿತ್ತುವುದಕ್ಕೆ ಮೂರು ವಾರ ಮೊದಲು, ಕಾರ್ಡಿನಲ್ಲಿ ಬರೆದಷ್ಟೇ ಸುಣ್ಣದ ಕಲ್ಲಿನ ಹಿಟ್ಟು ಚೆಲ್ಲಿ ಹರಗಿದೆವು. ಮುಖಕ್ಕೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು ಚೆಲ್ಲಬೇಕು. ಸುಟ್ಟ ಸುಣ್ಣ ತಂದರೆ ಅಷ್ಟು ಹಾಕಬೇಡಿರಿ. ಶುದ್ಧ ಕಲ್ಲಿನ ಹಿಟ್ಟು ೧೦೦ ಕೆ.ಜಿ. ಮಾಡುವ ಕೆಲಸವನ್ನು ಅದು ೫೬ ಕೆ.ಜಿ.ಯಲ್ಲೇ ಮಾಡುತ್ತದೆ. ಸುಣ್ಣದ ಜೊತೆಗೇ ಯೂರಿಯಾ ಚೆಲ್ಲಿದರೆ ಅದರ ಸತ್ವ ಗಾಳಿಗೆ ಹೋಗುತ್ತದೆ. ಹೂ ಬಿಟ್ಟ ಮೇಲೆ ಮಣ್ಣೇರಿಸುವಾಗ ಎಕರೆಗೆ ೨೦೦ ಕೆ.ಜಿ. ಜಿಪ್ಸಂ ಕೊಡುವುದು ಶೇಂಗಾಕ್ಕೆ ಒಳ್ಳೆಯದು. ಅದು ಕಾಯಿ ತುಂಬಿಸುತ್ತದೆ, ಆದರೆ ಮಣ್ಣಿನ ಹುಳಿ ತೆಗೆಯುವುದಿಲ್ಲ. ನಾನು ಈ ಸಲ ಸುಣ್ಣದ ಪರೀಕ್ಷೆ ನೋಡಬೇಕೆಂದು ಎರಡೂ ಕಡೆ ಜಿಪ್ಸಂ ಬಿಟ್ಟೆ.

ಬೈಲಹೊಂಗಲ, ಸವದತ್ತಿ ಕಡೆಯ ಎರಿ ಭೂಮಿಯವರು ನನ್ನ ಮಾತು ಕೇಳಿ ಸುಣ್ಣ ಹಾಕಿಗೀಕೀರಿ! ನಿಮ್ಮ ಮಣ್ಣಿನಲ್ಲಿ ಸುಣ್ಣದ ಹರಳು ಮೊದಲೇ ಇವೆ. ನಮ್ಮಂಥ ಮಳೆಸೀಮೆಯ ಕೆಂಪು ಮಣ್ಣಿನವರೂ ಕಾರ್ಡು ನೋಡದೆ ಹಾಕಬಾರದು. ರೊಕ್ಕ ಕಡಿಮೆಯಿದ್ದ ಮನೆಯವರು ಒಲೆಯ ಕಟ್ಟಿಗೆಯ ಬೂದಿಯನ್ನು ತಿಪ್ಪೆಗೆ ಹಾಕಿ ಮಳೆಯಲ್ಲಿ ತೊಳೆದು ಹೋಗಗೊಡದೆ, ಒಣಗಿಸಿಟ್ಟು ಹಿತ್ತಲಿನ ಅವರೆ, ಅಲಸಂದಿ ಮಡಿಗೆ ಹಾಕಿರಿ. ಅದರಲ್ಲಿಯೂ ಸುಣ್ಣವಿದೆ.

ಶೇಂಗಾ ಕೀಳುವ ದಿವಸ ತಮ್ಮ ರಜೆ ಹಾಕಿ ಬಂದಿದ್ದ. ಸುಣ್ಣ ಹಾಕದ ಕಡೆಯ ಕಾಯಿ ಒಂದು ಬುಟ್ಟಿ, ಹಾಕಿದ ಕಡೆಯ ಕಾಯಿ ಒಂದು ಬುಟ್ಟಿ, ಅವ್ವನ ಮುಂದೆ ಇಟ್ಟೆವು. ಅವ್ವ ಒಂದೊಂದೇ ಕಾಯಿ ಒಡೆದಳು. ಹಾಕದ ಕಡೆ ಹಳೆಯ ಪಾಡೇ. ಹಾಕಿದ ಕಡೆ ಪೊಳ್ಳು ಪೂರಾ ಹೋಗಿರಲಿಲ್ಲ, ಆದರೆ ಬುಟ್ಟಿ ಎತ್ತಿದಾಗಲೇ ಭಾರ ಗೊತ್ತಾಗುತ್ತಿತ್ತು. ಒಂದು ವರ್ಷದ, ಒಂದು ಹೊಲದ ಲೆಕ್ಕ ಇದು. ಇದಕ್ಕಿಂತ ದೊಡ್ಡದು ಮಾಡಿ ಹೇಳಲಾರೆ. ತಮ್ಮ ಕಾಳು ಬಾಯಿಗೆ ಹಾಕಿಕೊಂಡು, "ಉಳಿದ ಎಕರೆಕ್ಕ ಸುಣ್ಣ ಎಷ್ಟು ಬೇಕಾದೀತು, ಅಣ್ಣಾ?" ಎಂದು ಕೇಳಿದ. ಈ ಬ್ಯಾಸಿಗೆಯಲ್ಲಿ ಅದನ್ನೂ ಹಾಕುತ್ತೇವೆ.