ನೆತ್ತರು ಸೋರಿ ಸತ್ತನು

ಗಾಯಪಟ್ಟವನೊಬ್ಬನು ನೆತ್ತರು ಸೋರಿ ಸತ್ತನು. ಇದನ್ನು ಇಂಗ್ಲಿಷಿನಲ್ಲಿ ಬರೆಯಿರೆಂದರೆ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ‘ಹಿ ಡೈಡ್ ಬೈ ಬ್ಲೀಡಿಂಗ್’ ಎಂದು ಬರೆಯುತ್ತಾರೆ. ಅರ್ಥವೇನೋ ಆಗುತ್ತದೆ, ಆದರೆ ಇಂಗ್ಲಿಷರ ಕಿವಿಗೆ ಅದು ಒಗ್ಗದು. ನಮ್ಮ ‘ಇಂದ’ ಎಂಬ ಒಂದೇ ಪ್ರತ್ಯಯದ ಕೆಲಸವನ್ನು ಅವರು ‘ಬೈ’, ‘ವಿತ್’, ‘ಫ್ರಮ್’, ‘ಆಫ್’ ಎಂಬ ಮಾತುಗಳಿಗೆ ಹಂಚಿಕೊಟ್ಟಿದ್ದಾರೆ. ಸಾವಿನ ಕಾರಣವನ್ನು ಹೇಳುವಾಗ ಸಾಮಾನ್ಯವಾಗಿ ಸಲ್ಲುವವು ಕಡೆಯ ಎರಡು. ‘ಹಿ ಡೈಡ್ ಫ್ರಮ್ ಲಾಸ್ ಆಫ್ ಬ್ಲಡ್’ ಎಂಬುದು ಶುದ್ಧವಾದ ವಾಕ್ಯ. ಅದಕ್ಕಿಂತಲೂ ಸಹಜವಾದುದು ‘ಹಿ ಬ್ಲೆಡ್ ಟು ಡೆತ್’. ‘ಎಕ್ಸ್ಯಾಂಗ್ವಿನೇಷನ್’ ಎಂಬ ಲ್ಯಾಟಿನ್ ಮೂಲದ ಪದವು ವೈದ್ಯರ ವರದಿಗೆ ಸೇರಿದ್ದು. ‘ಬ್ಲೆಡ್ ಔಟ್’ ಎಂಬುದು ಆಡುಮಾತು.

ಇಲ್ಲಿ ಒಂದು ಎಚ್ಚರಿಕೆಯುಂಟು. ಕನ್ನಡದಲ್ಲಿ ‘ಸೋರು’ ಬೇರೆ, ‘ಸೋರಿಸು’ ಬೇರೆ. ಇಂಗ್ಲಿಷಿನ ‘ಬ್ಲೀಡ್’ ಎರಡಕ್ಕೂ ಒಂದೇ. ಆದುದರಿಂದ ‘ಹಿ ಬ್ಲೆಡ್ ಟು ಡೆತ್’ ಎಂದರೆ ನೆತ್ತರು ತಾನಾಗಿ ಸೋರಿತು. ನಡುವೆ ‘ವಾಸ್’ ಸೇರಿಸಿದರೆ, ಯಾರೋ ಸೋರಿಸಿ ಕೊಂದರು. ಒಂದು ಪುಟ್ಟ ಮಾತಿನಿಂದ ಒಬ್ಬನು ಅಪರಾಧಿಯಾಗುತ್ತಾನೆ.

ಅಮೆರಿಕದ ಜಾರ್ಜ್ ವಾಷಿಂಗ್‌ಟನ್ನರ ಅಂತ್ಯವನ್ನು ನೋಡಿ. 1799ನೆಯ ಇಸವಿ ಡಿಸೆಂಬರ್ 14ರಂದು ಅವರ ಗಂಟಲು ಬಾತು ಉಸಿರು ಕಟ್ಟತೊಡಗಿತು. ಅಂದಿನ ವೈದ್ಯಪದ್ಧತಿಯಂತೆ ಒಂದೇ ದಿನದಲ್ಲಿ ನಾಲ್ಕು ಬಾರಿ ಅವರ ರಕ್ತವನ್ನು ತೆಗೆದರು. ಒಟ್ಟು ಸುಮಾರು 80 ಔನ್ಸು, ಎಂದರೆ ಎರಡು ಲೀಟರಿಗೂ ಮಿಕ್ಕು. ಮೊದಲ ಬಾರಿ ತೆಗೆಯುವಾಗಲೇ ಪತ್ನಿ ಮಾರ್ತಾ ಹೆಚ್ಚು ಬೇಡವೆಂದರು. ರೋಗಿಯೇ ಇನ್ನಷ್ಟು ತೆಗೆಯಿರೆಂದರು. ಮೂವರು ವೈದ್ಯರಲ್ಲಿ ಕಿರಿಯನಾದ ಎಲಿಷಾ ಡಿಕ್ಕನು ಮತ್ತೆ ರಕ್ತ ತೆಗೆಯುವುದನ್ನು ವಿರೋಧಿಸಿದನು, ಹಿರಿಯರು ಒಪ್ಪಲಿಲ್ಲ. ಆ ರಾತ್ರಿಯೇ ವಾಷಿಂಗ್‌ಟನ್ನರು ತೀರಿಕೊಂಡರು.

ಇದನ್ನು ಹೇಗೆ ಬರೆಯುವುದು? ‘ಹಿ ಬ್ಲೆಡ್ ಟು ಡೆತ್’ ಎಂದರೆ ಸುಳ್ಳು, ಗಾಯವೇ ಇರಲಿಲ್ಲ. ‘ಹಿ ವಾಸ್ ಬ್ಲೆಡ್ ಟು ಡೆತ್’ ಎಂದರೆ ವೈದ್ಯರ ಮೇಲೆ ಕೊಲೆಯ ಹೊರೆ. ಆದರೆ ಗಂಟಲ ಬಾವೇ ಸಾವಿಗೆ ಸಾಕಾಗಿತ್ತೆಂದು ಬಲ್ಲವರಲ್ಲಿ ಅನೇಕರ ಮತ. ‘ಹಿ ಡೈಡ್ ಆಫ್ಟರ್ ಬೀಯಿಂಗ್ ಹೆವಿಲಿ ಬ್ಲೆಡ್’, ಬಹಳ ರಕ್ತ ತೆಗೆದ ಮೇಲೆ ಸತ್ತರು, ಎಂಬುದು ನಡೆದುದನ್ನು ಹೇಳುತ್ತದೆ, ತೀರ್ಪನ್ನು ಹೇಳುವುದಿಲ್ಲ.

ಸಹಜವಾದ ನುಡಿಗಟ್ಟನ್ನು ಕಲಿಯುವುದು ಕಿವಿಯ ಇಂಪಿಗೆ ಮಾತ್ರವಲ್ಲ. ಸತ್ತವನು ತನ್ನ ಪರವಾಗಿ ಸಾಕ್ಷಿ ಹೇಳಲಾರನು. ನಮ್ಮ ವಾಕ್ಯವೇ ಅವನ ಸಾಕ್ಷಿ. ಅದು ಸುಳ್ಳಾಡಬಾರದು.